ಎಲೆ ನೋಡುವುದಾದರೆ ನಡುನರ ನೋಡಿ

ಎಂಬ್ರಾಯ್ಡರಿ ಮಾಡಿದ ಬ್ಲೌಸ್ ಕೈಗೆ ಬಂದರೆ ಹೊಸಬರ ಕಣ್ಣು ನೇರ ಹೂವಿಗೆ ಹೋಗುತ್ತದೆ. ಹೂವಿನಲ್ಲಿ ತಪ್ಪು ಮುಚ್ಚುವುದು ಸುಲಭ; ನಡುವೆ ಒಂದು ಮಣಿ ಕೂರಿಸಿದರೆ ಆಯಿತು. ಹೊಲಿದವರ ಕೈ ಎಂಥದೆಂದು ತಿಳಿಯಲು ಎಲೆ ನೋಡಿ, ಅದರಲ್ಲೂ ಫಿಶ್‌ಬೋನ್ ಹೊಲಿಗೆಯ ಎಲೆ.

ಮೊದಲಿಗೆ ಎಲೆಯ ತುದಿಯಿಂದ ನಡುಗೆರೆಯ ಮೇಲೆ ಒಂದು ನೇರ ಹೊಲಿಗೆ. ಆಮೇಲೆ ಸೂಜಿ ತುದಿಯ ಪಕ್ಕದಲ್ಲೇ ಎಡ ಅಂಚಿನಿಂದ ಮೇಲೆ ಬಂದು, ಮೊದಲ ಹೊಲಿಗೆಯ ಬುಡದಲ್ಲಿ ನಡುಗೆರೆಯನ್ನು ಚೂರೇ ಚೂರು ದಾಟಿ ಇಳಿಯುತ್ತದೆ. ಮುಂದಿನದು ಬಲ ಅಂಚಿನಿಂದ, ಅದೂ ಗೆರೆ ದಾಟಿ ಎಡಕ್ಕೆ. ಹೀಗೇ ಒಂದಾದ ಮೇಲೊಂದು. ಎಳೆಗಳು ಹಾಯ್ದಲ್ಲಿ ಜಡೆ ಹೆಣೆದ ಹಾಗೆ ನಡುನರ ತಾನಾಗಿ ಏಳುತ್ತದೆ. ಗೆರೆ ದಾಟಿಸದಿದ್ದರೆ ನಡುವೆ ಬಟ್ಟೆ ಇಣುಕುತ್ತದೆ.

ಈಗ ಬ್ಲೌಸನ್ನು ಕಿಟಕಿ ಬಳಿ ಒಯ್ದು ನಿಧಾನವಾಗಿ ತಿರುಗಿಸಿ. ರೇಷ್ಮೆ ದಾರವಾಗಿದ್ದರೆ, ಒಂದೇ ಲಡಿಯ ಹಸಿರಾದರೂ ಎಲೆಯ ಅರ್ಧ ತಿಳಿ, ಇನ್ನರ್ಧ ಗಾಢ, ತಿರುಗಿಸಿದಂತೆ ಅದಲುಬದಲು. ಎರಡು ಬದಿಯ ಹೊಲಿಗೆಗಳ ಓರೆ ಬೇರೆ, ಹಾಗಾಗಿ ಬೆಳಕು ಹೊರಳುವ ದಿಕ್ಕೂ ಬೇರೆ. ಮೈಸೂರಿನ ಮಂಡಿ ಮೊಹಲ್ಲಾದ ಬೀಟೆ ಮರದ ಇನ್‌ಲೇ ಕೆಲಸದವರಿಗೆ ಈ ಸೌಲಭ್ಯವಿಲ್ಲ. ಎಲೆಗೆ ಎರಡು ಛಾಯೆ ಬೇಕೆಂದರೆ ಬೇರೆ ಬೇರೆ ಬಣ್ಣದ ಮರದ ಚೂರು ಕತ್ತರಿಸಿ, ಬೀಟೆಯಲ್ಲಿ ಅದೇ ಆಕಾರದ ಗುಳಿ ತೋಡಿ ಕೂರಿಸಬೇಕು. ಹಿಂದೆ ದಂತವನ್ನೂ ಹೀಗೆ ಕೂರಿಸುತ್ತಿದ್ದರು. 1912ರಲ್ಲಿ ಮುಗಿದ ಅರಮನೆಯ ಅಂಬಾವಿಲಾಸದ ಬಾಗಿಲಲ್ಲಿ ಅದನ್ನು ಕಾಣಬಹುದು. ಎರಡನ್ನೂ ನೋಡಿದವರಿಗೆ ಸೂಜಿಯ ಜಾಣತನ ಇನ್ನಷ್ಟು ಹಿಡಿಸುತ್ತದೆ.

ಧಾರವಾಡದ ಕಸೂತಿಯಲ್ಲಿ ಇಂಥ ಎಲೆ ಹುಡುಕಬೇಡಿ. ನೇಯ್ಗೆಯ ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿಗಳದ್ದು ಬೇರೆಯೇ ಲೆಕ್ಕ. ಬಾಗಿದ ಅಂಚು ಅವುಗಳ ಜಾಯಮಾನವಲ್ಲ. ಗವಂತಿ ಎರಡೂ ಬದಿ ಒಂದೇ ತೆರನಾಗಿ ಕಾಣಬೇಕು, ಸರಿ. ಅದೇ ಹುರುಪಿನಲ್ಲಿ ಫಿಶ್‌ಬೋನ್ ಎಲೆಯನ್ನೂ ಹಿಂದುಮುಂದು ಮಾಡಿ ಮೂಗು ಮುರಿಯುವುದು ನನಗಂತೂ ಒಪ್ಪಿಗೆಯಿಲ್ಲ.

ಅವಸರದ ಕೆಲಸ ಸಿಕ್ಕಿಬೀಳುವುದು ತೊಟ್ಟಿನ ಕಡೆ. ತುದಿಯಲ್ಲಿ ಕಡಿದಾಗಿದ್ದ ಓರೆ ಬರಬರುತ್ತಾ ಅಡ್ಡ ಮಲಗಿರುತ್ತದೆ. ಮೊದಲ ನೇರ ಹೊಲಿಗೆ ಗಿಡ್ಡವಾದರೆ ಹೀಗಾಗುತ್ತದೆ. ಎಲೆಯುದ್ದದ ಸುಮಾರು ಮೂರನೇ ಒಂದು ಭಾಗವಾದರೂ ಅದಿರಬೇಕು. ಅಂಚಿನಾಚೆ ಟ್ರೇಸಿಂಗ್ ಗೆರೆ ಕಂಡರಂತೂ ಕೇಳುವುದೇ ಬೇಡ.

ಬೆಲೆ ಕೇಳುವ ಮೊದಲು ತೋಳಿನ ಅತಿ ಚಿಕ್ಕ ಎಲೆ ಹುಡುಕಿ. ಆರೆಳೆಯ ಹತ್ತಿ ದಾರ ಬಿಡಿಸಿ ಒಂದೆರಡೇ ಎಳೆಯಲ್ಲಿ ಹೊಲಿದಿದ್ದರೆ ತುದಿ ಚೂಪು. ಬಿಡಿಸಲು ಬೇಸರಪಟ್ಟಿದ್ದರೆ ಮೊಂಡು.