ಫ್ಲಾಪಿಯಲ್ಲಿ ಉಳಿದ ಮೂಲಪ್ರತಿ: ವಾರ್ಹೋಲ್ ಚಿತ್ರಗಳ ಉದ್ಧಾರದ ವಿಮರ್ಶೆ

ಅಮೆರಿಕದ ಚಿತ್ರಕಾರ ಆಂಡಿ ವಾರ್ಹೋಲ್ ಅವರು 1985ರಲ್ಲಿ ಅಮಿಗಾ ಎಂಬ ಗಣಕಯಂತ್ರದ ಮೇಲೆ ಕೆಲವು ಚಿತ್ರಗಳನ್ನು ರಚಿಸಿದರು. 1987ರಲ್ಲಿ ಅವರು ತೀರಿಕೊಂಡ ತರುವಾಯ ಆ ಚಿತ್ರಗಳಿದ್ದ ಫ್ಲಾಪಿಗಳು ಪಿಟ್ಸ್‌ಬರ್ಗ್ ನಗರದ ವಾರ್ಹೋಲ್ ವಸ್ತುಸಂಗ್ರಹಾಲಯದ ಭಂಡಾರವನ್ನು ಸೇರಿದುವು. ಕೋರಿ ಆರ್ಕೇಂಜಲ್ ಎಂಬ ಕಲಾವಿದರ ಪ್ರೇರಣೆಯಿಂದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕಸಂಘದವರು ಅವನ್ನು ಓದಿ, 2014ರಲ್ಲಿ ಫಲವನ್ನು ಪ್ರಕಟಿಸಿದರು. ಯಂತ್ರಜ್ಞರು ಈ ಕಾರ್ಯವನ್ನು ಸಾಕಷ್ಟು ಕೊಂಡಾಡಿದ್ದಾರೆ. ಆದರೆ ಇದು ಮೂಲತಃ ಗ್ರಂಥಸಂಪಾದನೆಯ ಕಾರ್ಯ. ಅದನ್ನು ಆ ಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

ಅಮಿಗಾದ ಫ್ಲಾಪಿಯು ಹೊರನೋಟಕ್ಕೆ ಇತರ ಮೂರೂವರೆ ಅಂಗುಲದ ಫ್ಲಾಪಿಗಳಂತೆಯೇ ಇದೆ. ಬರವಣಿಗೆಯ ಕ್ರಮ ಮಾತ್ರ ಬೇರೆ. 720 ಕೆ.ಬಿ.ಯ ಪಿ.ಸಿ. ಫ್ಲಾಪಿಯಲ್ಲಿ ವರ್ತುಲವೊಂದಕ್ಕೆ 9 ಖಂಡಗಳಿದ್ದರೆ ಅಮಿಗಾದಲ್ಲಿ 11. ಎರಡು ಮುಖಗಳಲ್ಲಿ ಎಂಬತ್ತೆಂಬತ್ತು ವರ್ತುಲಗಳು, ಖಂಡವೊಂದಕ್ಕೆ 512 ಬೈಟು, ಒಟ್ಟು 880 ಕೆ.ಬಿ. ಆದುದರಿಂದ ಸಾಮಾನ್ಯ ಪಿ.ಸಿ.ಯು ಇದನ್ನು ಓದಲಾರದೆ, ಏನೂ ಬರೆಯದ ಫ್ಲಾಪಿಯೆಂದೇ ಬಗೆಯುತ್ತದೆ. ತಿಗಳಾರಿ ಬಾರದವನು ಓಲೆಯನ್ನು ಕಂಡು ಬರಿಯ ಗೀರುಗಳೆಂದಂತೆ! ಸಂಘದವರು ಬಳಸಿದ ಕ್ರಯೋಫ್ಲಕ್ಸ್ ಎಂಬ ಸಾಧನವಾದರೋ ಅಕ್ಷರ ಯಾವುದೆಂದು ವಿಚಾರಿಸುವುದಿಲ್ಲ. ಕಾಂತತೆಯು ಎಲ್ಲೆಲ್ಲಿ, ಎಷ್ಟೆಷ್ಟು ಕಾಲಾಂತರದಲ್ಲಿ ಬದಲಾಗುತ್ತದೆಯೋ ಅಷ್ಟನ್ನೇ ಗುರುತಿಸಿಕೊಳ್ಳುತ್ತದೆ. ಕಂಡಂತೆ ಬರೆದೆನೆನ್ನುವ ನಮ್ಮ ಪ್ರತಿಕಾರರಿಗಿಂತಲೂ ಇದು ನಿಷ್ಠವಾದುದು.

ಓದಿದ ಮೇಲೂ ತೊಡಕು ತೀರಲಿಲ್ಲ. ಕಡತಗಳ ಹೆಸರು ತಿಳಿಯಿತು, ಒಳಗಿನದು ತಿಳಿಯಲಿಲ್ಲ. ಪುಷ್ಪಿಕೆ ಓದಲು ಬಂದು ಗ್ರಂಥ ಓದಲು ಬಾರದ ಸ್ಥಿತಿ. ಪರಿಚಿತವಲ್ಲದ ವಿನ್ಯಾಸವನ್ನು ಅವರು ಬೈಟು ಬೈಟಾಗಿ ಬಿಡಿಸಿದರು. ಇದೇ ಈ ಕಾರ್ಯದ ನಿಜವಾದ ಪಾಂಡಿತ್ಯ.

ಮೊದಲು ಯಥಾಪ್ರತಿ, ಆಮೇಲೆ ಅರ್ಥ ಎಂಬ ಈ ಕ್ರಮದ ಬೆಲೆಯನ್ನು ಜೈನ ವಿದ್ವಾಂಸರಿಗೆ ವಿವರಿಸಬೇಕಾಗಿಲ್ಲ. ಷಟ್ಖಂಡಾಗಮದ ಮೊದಲ ಸಂಪುಟವು 1939ರಲ್ಲಿ ಹೊರಬಂದಾಗ ಸಂಪಾದಕರ ಕೈಯಲ್ಲಿದ್ದುವು ಪ್ರತಿಯ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಪದವು ಬಿಟ್ಟುಹೋದಂತೆ ತೋರುತ್ತದೆಂದು ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಮುಕ್ತಿಯ ಪ್ರಶ್ನೆಯನ್ನೇ ತಟ್ಟುವ ಪದವಾದುದರಿಂದ ದೊಡ್ಡ ವಾದವೇ ಎದ್ದಿತು. ಮೂಡಬಿದಿರೆಯ ತಾಡವೋಲೆಯಲ್ಲಿ ಆ ಪದವಿದೆಯೆಂದು ಬಳಿಕ ತಿಳಿದುಬಂತು. ಓಲೆ ಉಳಿದಿತ್ತು, ಕೇಳಬಹುದಾಗಿತ್ತು. ಫ್ಲಾಪಿಯ ಕಾಂತಲೇಪವು ಓಲೆಯಷ್ಟು ಬಾಳುವುದಿಲ್ಲ. ಜೀರ್ಣವಾದುದಾದರೆ ಓದುವ ಸಲಾಕೆಯೇ ಅದನ್ನು ಕೆರೆದುಹಾಕಬಹುದು. ಆದ ಕಾರಣ ಆ ಕಾಂತಲಿಖಿತದ ಪ್ರತಿಯೇ ಇನ್ನು ಮುಂದೆ ತಾಡವೋಲೆಯ ಸ್ಥಾನದಲ್ಲಿ ನಿಲ್ಲಬೇಕು.

ಆಕ್ಷೇಪವೂ ಒಂದುಂಟು. ಲೋಕಕ್ಕೆ ಮೊದಲು ತೋರಿಸಿದ್ದು ಕೆಲವೇ ಚಿತ್ರಗಳನ್ನು. ಕೆಲವು ಚಿತ್ರಗಳ ಮೇಲೆ ವಾರ್ಹೋಲರ ಸಹಿ ಇದೆ. ಸಹಿಯಿಲ್ಲದವು ಅವರವೆಂದು ಹೇಳಲು ಶೈಲಿಯ ಜೊತೆಗೆ ಫ್ಲಾಪಿಯ ಒಳಗಿನ ಸಾಕ್ಷ್ಯವೂ ಬೇಕು. ಅಂದವಾದ ಚಿತ್ರಗಳನ್ನು ಆರಿಸಿ ಅಚ್ಚು ಹಾಕಿ, ಫ್ಲಾಪಿಯನ್ನು ಪೆಟ್ಟಿಗೆಗೆ ಸೇರಿಸುವುದು ಪ್ರಶಸ್ತಿಪದ್ಯವನ್ನು ಅಚ್ಚುಮಾಡಿ ಕಾವ್ಯವನ್ನು ಬಿಟ್ಟಂತೆ. ಸಂಘದವರು ತಮ್ಮ ವಿಧಾನವನ್ನು ತಾಂತ್ರಿಕ ವರದಿಯಾಗಿ ಬರೆದಿಟ್ಟಿರುವುದು ಈ ದೋಷವನ್ನು ಬಹುಮಟ್ಟಿಗೆ ನೀಗುತ್ತದೆ.

ಕನ್ನಡದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಯೂನಿಕೋಡ್ ರೂಢಿಗೆ ಬರುವ ಮುನ್ನ ಅಚ್ಚಿಗೆಂದು ಸಿದ್ಧಗೊಂಡ ಕಡತಗಳಲ್ಲಿ ಹಲವು ತಂತ್ರಾಂಶಗಳಿಗೆ ತಮ್ಮತಮ್ಮದೇ ಅಕ್ಷರಸಂಕೇತವಿತ್ತು. ಅವನ್ನು ಪರಿವರ್ತಿಸುವಾಗ ಅರ್ಕಾವೊತ್ತು ಸ್ಥಾನ ತಪ್ಪುತ್ತದೆ. ‘ಧರ್ಮ’ವು ‘ಧಮರ್’ ಆಗುತ್ತದೆ. ಧರ್ಮವನ್ನು ಯಾರಾದರೂ ತಿದ್ದಿಯಾರು. ಅಪರೂಪದ ಪಟ್ಟಾವಳಿಯೊಂದರಲ್ಲಿ ಬೇರೆಲ್ಲೂ ಕಾಣದ ಮುನಿಯ ಹೆಸರು ಹೀಗೆ ಕೆಟ್ಟಿದ್ದರೆ, ಅದು ಪಾಠಾಂತರವೋ ಪರಿವರ್ತನೆಯ ದೋಷವೋ ಎಂಬುದನ್ನು ಹಳೆಯ ಕಡತವೊಂದೇ ಹೇಳಬಲ್ಲುದು. ಅದನ್ನು ಅಳಿಸಿದವರ ಪ್ರತಿಯನ್ನು ಮುಂದಿನ ಸಂಪಾದಕನು ಆಧಾರಪ್ರತಿಯೆಂದು ಸ್ವೀಕರಿಸುವಂತಿಲ್ಲ.