ಹೆಡರ್ ಕಡತದ ಹಿರಿಮೆ

1975ರ ಯೂನಿಕ್ಸ್ ಆರನೆಯ ಆವೃತ್ತಿಯ ಮೂಲಸಂಹಿತೆಯನ್ನು ತೆರೆದು ಕುಳಿತಾಗಲೆಲ್ಲ ನನ್ನ ಕಣ್ಣು ಮೊದಲು ಅರಸುವುದು ಪ್ರೊಕ್.ಎಚ್ ಎಂಬ ಕಿರಿದಾದ ಹೆಡರ್ ಕಡತವನ್ನು. ಡೆನ್ನಿಸ್ ರಿಚಿಯವರು ಸಿ ಭಾಷೆಗೆ ಸ್ಟ್ರಕ್ಟ್ ಎಂಬ ರಚನೆಯನ್ನು ಕೂಡಿಸಿದ ಮೇಲೆಯೇ, 1973ರಲ್ಲಿ, ಯೂನಿಕ್ಸ್‌ನ ಕರ್ನೆಲ್ ಆ ಭಾಷೆಗೆ ಇಳಿದುಬಂದಿತು. ಸ್ಟ್ರಕ್ಟಿನ ಸೊಬಗೆಲ್ಲ ಈ ಕಡತದಲ್ಲಿ ಮೈದೋರಿದೆ.

ಪ್ರೊಸೆಸ್ಸನ್ನು ಬಣ್ಣಿಸುವ ಅಲ್ಲಿನ ಸ್ಟ್ರಕ್ಟಿನಲ್ಲಿ ಮೊದಲಿಗೆ ಒಂದೊಂದು ಬೈಟಿನ ಎಂಟು ಕ್ಯಾರ್‌ಗಳು ಸಾಲಾಗಿ ನಿಂತಿವೆ. ಏಳನೆಯದು ಪಿ_ಸಿಪಿಯು. ಗಡಿಯಾರದ ಊಳಿಗವನ್ನು ಹೊತ್ತ ಕ್ಲಾಕ್.ಸಿ ಮಿಡಿತಮಿಡಿತಕ್ಕೂ ಈ ಬೈಟನ್ನು ಒಂದೊಂದೇ ಏರಿಸುತ್ತದೆ; ಎಸ್‌ಎಲ್‌ಪಿ.ಸಿ ಅದನ್ನೇ ಓದಿ, ಹದಿನಾರರಿಂದ ಭಾಗಿಸಿ, ಪ್ರೊಸೆಸ್ಸಿನ ಆದ್ಯತೆಯನ್ನು ಗಣಿಸುತ್ತದೆ. ಬೇರೆಬೇರೆಯಾಗಿ ಕಂಪೈಲ್ ಆಗುವ, ಪರಸ್ಪರ ಮುಖವನ್ನೇ ಕಾಣದ ಈ ಎರಡು ಕಡತಗಳು ತಪ್ಪದೆ ಅದೇ ಏಳನೆಯ ಬೈಟಿನ ಮೇಲೆ ಬೆರಳಿಡುವುದು, ಎರಡರ ನೆತ್ತಿಯಲ್ಲಿಯೂ ಪ್ರೊಕ್.ಎಚ್ ಕಡತವನ್ನು ಕರೆತರುವ ಇನ್‌ಕ್ಲೂಡ್ ಎಂಬ ಒಂದೇ ಸಾಲು ಇರುವುದರಿಂದ. ಪ್ರಿಪ್ರೊಸೆಸರ್ ಆ ಸಾಲಿನ ಎಡೆಯಲ್ಲಿ ಹೆಡರಿನ ಪಠ್ಯವನ್ನು ಅಕ್ಷರಶಃ ತಂದಿರಿಸುತ್ತದೆ, ಅಷ್ಟೆ. ಇಷ್ಟು ಸರಳವಾದ ಉಪಾಯದಿಂದ ಇಷ್ಟು ಗಾಢವಾದ ಐಕಮತ್ಯವನ್ನು ಸಾಧಿಸಿದ ಸಾಧನವನ್ನು ನಾನು ಬೇರೆಡೆ ಕಂಡಿಲ್ಲ.

ಇದರ ಬೆಲೆ ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ನನ್ನದೊಂದು ಪ್ರೋಗ್ರಾಮಿನಲ್ಲಿ ಹೆಡರನ್ನು ಬರೆಯಲು ಸೋಮಾರಿತನ ತೋರಿ, ಸ್ಟ್ರಕ್ಟಿನ ವಿವರವನ್ನು ಎರಡು ಕಡತಗಳಲ್ಲಿ ನಕಲಿಸಿ, ಒಂದೆಡೆ ವಯಸ್ಸು, ಸಂಬಳ ಎಂಬ ಎರಡು ಸಾಲುಗಳನ್ನು ಹಿಂದುಮುಂದು ಮಾಡಿದ್ದೆ. ಕಂಪೈಲರ್ ತುಟಿಪಿಟಿಕ್ಕೆನ್ನಲಿಲ್ಲ, ಲಿಂಕರ್ ಸುಮ್ಮನೆ ತಲೆಯಾಡಿಸಿತು. ಓಡಿಸಿ ನೋಡಿದರೆ, ವಯಸ್ಸಿರಬೇಕಾದಲ್ಲಿ ಸಂಬಳ ಬಂದು ಕುಳಿತಿತ್ತು!

ಸಿ ಕಲಿಯುವ ಮಿತ್ರರು ಜಾನ್ ಲಯನ್ಸ್ ಅವರು ಈ ಆರನೆಯ ಆವೃತ್ತಿಗೆ ಬರೆದ ಟೀಕಾಗ್ರಂಥವನ್ನು ಪಕ್ಕದಲ್ಲಿರಿಸಿಕೊಂಡು ಪ್ರೊಕ್.ಎಚ್ ಕಡತವನ್ನು ಒಮ್ಮೆ ನಿಧಾನವಾಗಿ ಓದಬೇಕು.