ಗಿಡ್ಡ ಅಲೆಯ ಗಟ್ಟಿತನ

ಮೊಬೈಲ್ ಟವರಿನ ಆಂಟೆನಾವನ್ನು ಎರಡೇ ಡಿಗ್ರಿ ಕೆಳಕ್ಕೆ ಬಾಗಿಸುವುದನ್ನು ನಾನು ಕುಶಲಕಲೆ ಎಂದೇ ಎಣಿಸುತ್ತೇನೆ. ಬಾಗು ಹೆಚ್ಚಾದರೆ ಊರಂಚಿನ ಮನೆಗಳಿಗೆ ಸಿಗ್ನಲ್ ಇಲ್ಲ. ಕಡಿಮೆಯಾದರೆ ಪಕ್ಕದ ಟವರಿನ ಸರಹದ್ದಿಗೆ ನುಗ್ಗಿ ಅಲ್ಲಿನವರ ವೇಗ ಕುಗ್ಗಿಸುತ್ತದೆ.

ಅದಕ್ಕೂ ಮೊದಲು ಅಲೆಯ ಆಯ್ಕೆ. 700 ಮೆಗಾಹರ್ಟ್ಸ್‌ನ ಅಲೆ ಸುಮಾರು 43 ಸೆಂಟಿಮೀಟರ್ ಉದ್ದ. ಗೋಡೆ, ಮರಗಳನ್ನು ಹಾದು ದೂರ ಸಾಗುತ್ತದೆ, ಆದರೆ ಸಿಗುವ ಆವರ್ತನ ಪಟ್ಟಿ ಕಿರಿದು. 3.3 ಗಿಗಾಹರ್ಟ್ಸ್‌ನ ಅಲೆ ಬರೀ 9 ಸೆಂಟಿಮೀಟರ್. ಪಟ್ಟಿ ಅಗಲ, ವೇಗ ಭರ್ಜರಿ, ಗೋಡೆ ಎದುರಾದರೆ ಸೊರಗುತ್ತದೆ.

ನಾನು ಮನಸೋತದ್ದು ಈ ಸೊರಗುವ ಅಲೆಗೆ ಎಂಜಿನಿಯರುಗಳು ಕಂಡುಕೊಂಡ ಮದ್ದಿಗೆ. ಆಂಟೆನಾದ ತುಣುಕುಗಳನ್ನು ಸುಮಾರು ಅರ್ಧ ಅಲೆಯ ಅಂತರದಲ್ಲಿ ಕೂರಿಸಬೇಕು. ಅಲೆ ಗಿಡ್ಡವಾದ್ದರಿಂದಲೇ ಒಂದು ಫಲಕದಲ್ಲಿ ನೂರಕ್ಕೂ ಹೆಚ್ಚು ತುಣುಕುಗಳು ಹಿಡಿಸುತ್ತವೆ. ಅವುಗಳನ್ನು ನಡೆಸುವ 64 ಪ್ರಸಾರಕಗಳು ತಾಳ ತಪ್ಪದೆ ಒಟ್ಟಿಗೆ ದುಡಿದು, ಕಿರಣವನ್ನು ನಿಮ್ಮ ಫೋನಿನತ್ತಲೇ ತಿರುಗಿಸುತ್ತವೆ. ಫಲಕ ಅಲುಗುವುದೇ ಇಲ್ಲ! 700ರಲ್ಲಿ ಇದನ್ನೇ ಮಾಡಹೊರಟರೆ ಫಲಕದ ಉದ್ದ, ಅಗಲ ಎರಡೂ ನಾಲ್ಕೈದು ಪಟ್ಟು ಬೆಳೆದುಬಿಡುತ್ತವೆ.

ನಮ್ಮ ಕಂಪನಿಗಳೂ ಈ ಆಯ್ಕೆ ಎದುರಿಸಿದವು. 2022ರ ತರಂಗಗುಚ್ಛ ಹರಾಜಿನಲ್ಲಿ ಜಿಯೊ ದೇಶದ 22 ಟೆಲಿಕಾಂ ವಲಯಗಳಲ್ಲೂ 700 ಮೆಗಾಹರ್ಟ್ಸ್ ಕೊಂಡು, 5ಜಿಗೆ ಜಾಲದ ತಿರುಳಾದ ಕೋರ್ ಅನ್ನು ಪ್ರತ್ಯೇಕವಾಗಿ ಕಟ್ಟಿತು. ಏರ್‌ಟೆಲ್ ಆ ಪಟ್ಟಿಯನ್ನು ಬಿಟ್ಟು, ಇದ್ದ 4ಜಿ ಜಾಲದ ಆಸರೆಯಲ್ಲೇ 5ಜಿ ಶುರುಮಾಡಿತು. ಇದ್ದುದನ್ನೇ ದುಡಿಸಿಕೊಳ್ಳುವ ಎರಡನೆಯ ಜಾಣ್ಮೆ ನನಗೆ ಹೆಚ್ಚು ಹಿಡಿಸುತ್ತದೆ. ಆದರೂ ಮಲೆನಾಡಿನಂಥ ಕಡೆ, ಮರಗಳ ನಡುವಿನ ಒಂಟಿಮನೆಯ ಒಳಕೋಣೆಗೆ ಸಿಗ್ನಲ್ ಮುಟ್ಟಿಸಲು ಉದ್ದ ಅಲೆಯೇ ಬೇಕು.